ಓದುಗರ ಪ್ರಶ್ನೆ: ಮಳೆಗಾಲದ ಧೂಳು, ಬೂಷ್ಟು ಮತ್ತು ಮಗುವಿನ ಉಬ್ಬಸ

ಪ್ರಶ್ನೆ: ನಮ್ಮದು ಕಾಸರಗೋಡಿನ ಬದಿಯಡ್ಕದ ಸಮೀಪ ಅಡಿಕೆ ತೋಟದ ನಡುವೆ ಇರುವ ಹಳೆಯ ಹಂಚಿನ ಮನೆ. ಎಂಟು ವರ್ಷದ ಮೊಮ್ಮಗಳಿಗೆ ಮಳೆಗಾಲ ಬಂತೆಂದರೆ ಬೆಳಗ್ಗೆ ಏಳುತ್ತಲೇ ಸೀನು, ರಾತ್ರಿ ಕೆಮ್ಮು, ಕೆಲವೊಮ್ಮೆ ಉಬ್ಬಸ. ಧೂಳಿನ ಅಲರ್ಜಿ ಎಂದು ವೈದ್ಯರು ಹೇಳಿದ್ದಾರೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಕಾಲವನ್ನು ಕಂಡ ನಮಗೆ ರಾಸಾಯನಿಕವೆಂದರೆ ಹೆದರಿಕೆ. ಹಾಗಾಗಿ ವಿನೆಗರ್ ಮತ್ತು ಅಡುಗೆ ಸೋಡಾ ಬೆರೆಸಿದ ನೀರಿನಿಂದ ದಿನಕ್ಕೆ ಎರಡು ಬಾರಿ ನೆಲ ಒರಸುತ್ತೇವೆ, ಸಂಜೆ ಸಾಂಬ್ರಾಣಿ ಹೊಗೆ ಹಾಕುತ್ತೇವೆ. ಆದರೂ ಗುಣವಿಲ್ಲ. ಏನು ಮಾಡಬಹುದು?

ಉತ್ತರ: ನಿಮ್ಮ ಹೆದರಿಕೆಗೆ ಕಾರಣವಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ದೇಶದಾದ್ಯಂತ ನಿಷೇಧಿಸುವ ಹೊತ್ತಿಗೆ ಕಾಸರಗೋಡಿನ ಎಷ್ಟೋ ಮನೆಗಳು ಅದರ ನೋವನ್ನು ಉಂಡಾಗಿತ್ತು. ಆದ್ದರಿಂದ ಮನೆಯೊಳಗೆ ಮತ್ತೊಂದು ವಿಷ ಬೇಡವೆಂಬ ನಿಮ್ಮ ನಿಲುವು ಸರಿಯಾದದ್ದೇ. ಆದರೆ ನೀವು ಶ್ರಮವನ್ನೆಲ್ಲ ನೆಲದ ಮೇಲೆ ಹಾಕುತ್ತಿದ್ದೀರಿ. ಮಗುವಿಗೆ ಸೀನು ಬರುವುದು ಎದ್ದ ಕೂಡಲೇ ಎಂಬುದನ್ನು ನೋಡಿದರೆ ಮೊದಲು ಗಮನ ಹರಿಸಬೇಕಾದದ್ದು ಹಾಸಿಗೆಯ ಕಡೆಗೆ.

ಧೂಳಿನ ಅಲರ್ಜಿಗೆ ಬಹುಪಾಲು ಕಾರಣ ಡಸ್ಟ್ ಮೈಟ್ ಎನ್ನುವ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ನುಸಿ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅದರ ಆಹಾರ. ನೀರು ಕುಡಿಯುವ ಬದಲು ಅದು ಗಾಳಿಯಲ್ಲಿರುವ ತೇವವನ್ನೇ ಮೈಗೆ ಹೀರಿಕೊಳ್ಳುತ್ತದೆ. ಗಾಳಿಯ ತೇವಾಂಶ ಶೇಕಡಾ 50ಕ್ಕಿಂತ ಕೆಳಗೆ ಬಹುಕಾಲ ನಿಂತರೆ ಅದು ಒಣಗಿ ಸಾಯುತ್ತದೆ, 70ರಿಂದ 80ರಲ್ಲಿ ಸೊಂಪಾಗಿ ಬೆಳೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯ ಗಾಳಿ ಅದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಅಲರ್ಜಿ ತರುವ ಅಂಶ ಮುಖ್ಯವಾಗಿ ಅದರ ಹಿಕ್ಕೆಯಲ್ಲಿರುವುದರಿಂದ ನುಸಿ ಸತ್ತರೂ ತೊಂದರೆ ತಪ್ಪುವುದಿಲ್ಲ, ಅದನ್ನು ತೊಳೆದೇ ತೆಗೆಯಬೇಕು.

ಹಾಸುಬಟ್ಟೆ, ಹೊದಿಕೆ, ತಲೆದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 55ರಿಂದ 60 ಡಿಗ್ರಿ ಬಿಸಿಯ ನೀರಿನಲ್ಲಿ ತೊಳೆಯಿರಿ. ಬಚ್ಚಲಲ್ಲಿ ಹಂಡೆಗೆ ಬೆಂಕಿ ಹಾಕುವ ಮನೆಯವರಿಗೆ ಇದು ಕಷ್ಟವಲ್ಲ. ಚೆನ್ನಾಗಿ ಕುದಿಯುವ ನೀರಿಗೆ ಅಷ್ಟೇ ಪ್ರಮಾಣದ ಬಾವಿಯ ತಣ್ಣೀರು ಸೇರಿಸಿದರೆ ಹೆಚ್ಚುಕಡಿಮೆ ಈ ಬಿಸಿ ಬರುತ್ತದೆ. ಅದರಲ್ಲಿ ಬಟ್ಟೆಯನ್ನು ಅರ್ಧ ಗಂಟೆ ಮುಳುಗಿಸಿ, ಬಳಿಕ ಎಂದಿನ ಸಾಬೂನಿನಲ್ಲಿ ಒಗೆದು ಚೆನ್ನಾಗಿ ಜಾಲಿಸಬೇಕು. ಮಗುವನ್ನು ಆ ಕಡೆಗೆ ಬಿಡಬೇಡಿ. ಬೂರುಗದ ಹತ್ತಿಯ ಹಳೆಯ ಹಾಸಿಗೆಯನ್ನು ತೊಳೆಯಲು ಆಗುವುದಿಲ್ಲವಾದ್ದರಿಂದ ಅದನ್ನು ಒತ್ತಾಗಿ ನೇಯ್ದ, ಜಿಪ್ ಇರುವ ಅಲರ್ಜಿ ಕವರಿನೊಳಗೆ ಪೂರ್ತಿಯಾಗಿ ಮುಚ್ಚಬೇಕು. ತೀರ ಹಳತಾಗಿದ್ದರೆ ಮಗುವಿಗಾಗಿ ಅದನ್ನು ಬಿಟ್ಟುಬಿಡುವುದೇ ಒಳ್ಳೆಯದು. ಬಿಸಿಲು ಬಿದ್ದ ದಿನ ಹಾಸಿಗೆಯನ್ನು ಅಂಗಳಕ್ಕೆ ತಂದು ಒಣಗಿಸುವ ರೂಢಿ ಒಳ್ಳೆಯದೇ, ಆದರೆ ಮನೆಯೊಳಗೆ ಬಡಿದು ಕೊಡವಬೇಡಿ, ಕೊಡವುವಾಗ ಮಗು ಹತ್ತಿರ ಇರಬಾರದು.

ಇನ್ನು ತೇವದ ಮಾತು. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ದಿನಕ್ಕೆ ಎರಡು ಬಾರಿ ನೆಲ ಒರಸಿದರೆ ಆ ನೀರು ಆರದೆ ಕೋಣೆಯ ಗಾಳಿಗೇ ಸೇರುತ್ತದೆ. ಒಮ್ಮೆ ಸಾಕು, ಅದೂ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ; ಆಮೇಲೆ ಫ್ಯಾನ್ ಹಾಕಿ ನೆಲ ಒಣಗಿಸಿ. ಮಲಗುವ ಕೋಣೆಯಲ್ಲಿ ಹಗ್ಗ ಕಟ್ಟಿ ಒದ್ದೆ ಬಟ್ಟೆ ಹರಡುವುದನ್ನು ಇಂದೇ ನಿಲ್ಲಿಸಬೇಕು. ಒಡೆದ ಹಂಚನ್ನು ಬದಲಿಸದೆ ಗೋಡೆಯ ಬೂಷ್ಟನ್ನು ಎಷ್ಟು ಉಜ್ಜಿದರೂ ಅದು ಮರಳಿ ಬರುತ್ತದೆ, ಹಾಗಾಗಿ ಮೊದಲ ಖರ್ಚು ಮಾಡಿನ ದುರಸ್ತಿಗಾಗಿರಲಿ. ತೇವ ಹೀರುವ ಯಂತ್ರವನ್ನು ಕೊಳ್ಳಿರೆಂದು ನಾನು ಹೇಳಲಾರೆ. ಹಂಚಿನ ಸಂದಿಯಿಂದ ಗಾಳಿಯಾಡುವ ಮನೆಯಲ್ಲಿ ಅದು ಹೊರಗಿನ ಮಳೆಯ ತೇವವನ್ನೇ ಹೀರುತ್ತ ಕರೆಂಟ್ ಬಿಲ್ ಏರಿಸುತ್ತದೆ. ಅಟ್ಟದಲ್ಲಿ ಅಡಿಕೆಯ ಗೋಣಿಗಳಿದ್ದರೆ ಅವು ಮಗು ಮಲಗುವ ಕೋಣೆಯ ನೇರ ಮೇಲಿರಬಾರದು. ಅಡಿಕೆ ಸುಲಿಯುವ ಕೆಲಸವೂ ಜಗಲಿಯಿಂದ ದೂರ ನಡೆಯಲಿ.

ವಿನೆಗರ್ ಮತ್ತು ಅಡುಗೆ ಸೋಡಾಗಳನ್ನು ಬೆರೆಸಿದಾಗ ಬುರುಬುರು ನೊರೆ ಬರುವುದರಿಂದ ಏನೋ ಕೆಲಸವಾಗುತ್ತಿದೆ ಅನ್ನಿಸುತ್ತದೆ; ನಿಜದಲ್ಲಿ ಆಮ್ಲವೂ ಕ್ಷಾರವೂ ಒಂದನ್ನೊಂದು ಕಳೆದು ಕೊನೆಗೆ ಉಳಿಯುವುದು ಸ್ವಲ್ಪ ಲವಣ ಕರಗಿದ ನೀರು ಮಾತ್ರ. ಬೇರೆ ಬೇರೆಯಾಗಿ ಬಳಸಿದರೆ ಎರಡಕ್ಕೂ ಗುಣವಿದೆ: ಸೋಡಾ ಜಿಡ್ಡಿಗೆ, ವಿನೆಗರ್ ನಲ್ಲಿಯ ಬಿಳಿ ಕರೆಗೆ. ವಿನೆಗರನ್ನು ಸುಣ್ಣದ ಗೋಡೆಗೆ, ಅಮೃತಶಿಲೆಗೆ, ರೆಡ್ ಆಕ್ಸೈಡ್ ನೆಲಕ್ಕೆ ಹಾಕಲೇಬೇಡಿ, ಆಮ್ಲ ಅವುಗಳ ಮೈಯನ್ನು ತಿನ್ನುತ್ತದೆ. ಬೂಷ್ಟು ಹಿಡಿದ ಗೋಡೆಯನ್ನು ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಸಾಬೂನು ನೀರಿನಿಂದ ಉಜ್ಜಿ, ಪೂರ್ತಿ ಒಣಗಿಸಿ, ಬೇಸಗೆಯಲ್ಲಿ ಹೊಸ ಸುಣ್ಣ ಬಳಿಸಿ. ಹೊಸ ಸುಣ್ಣದ ತೀಕ್ಷ್ಣ ಕ್ಷಾರದಲ್ಲಿ ಬೂಷ್ಟು ಸುಲಭವಾಗಿ ಬೆಳೆಯದು. ನಮ್ಮ ಹಿರಿಯರು ವರ್ಷವರ್ಷ ಸುಣ್ಣ ಬಳಿಯುತ್ತಿದ್ದುದರ ಹಿಂದೆ ಇಂಥ ಅನುಭವವೂ ಇದ್ದೀತು.

ಸಾಂಬ್ರಾಣಿ ಹೊಗೆಯ ಬಗ್ಗೆ ಬರೆಯಲು ಸಂಕೋಚವಾಗುತ್ತದೆ, ಏಕೆಂದರೆ ಅದು ನಿಮ್ಮ ಸಂಜೆಯ ದೀಪದೊಂದಿಗೆ ಸೇರಿಕೊಂಡಿದೆ. ಆದರೂ ಉಬ್ಬಸವಿರುವ ಮಗುವಿನ ಶ್ವಾಸನಾಳಕ್ಕೆ ಸಾಂಬ್ರಾಣಿ, ಅಗರಬತ್ತಿ, ಸೊಳ್ಳೆಬತ್ತಿ, ಬೇವಿನ ಎಲೆ, ಯಾವುದರ ಹೊಗೆಯಾದರೂ ಹೊಗೆಯೇ. ಗಿಡದಿಂದ ಬಂದದ್ದೆಲ್ಲ ನಿರಪಾಯವಲ್ಲ. ದೀಪ ಹಚ್ಚಿ, ಧೂಪವನ್ನು ಬಿಡಿ, ಸೊಳ್ಳೆಗೆ ಪರದೆ ಕಟ್ಟಿ. ಆ ಪರದೆಯನ್ನೂ ಆಗಾಗ ಒಗೆಯಿರಿ. ನೀಲಗಿರಿ ಎಣ್ಣೆಯ ಘಾಟು ಕೂಡ ಕೆಲವು ಮಕ್ಕಳಿಗೆ ಕೆಮ್ಮು ತರಿಸುತ್ತದೆ. ಕರ್ಪೂರವನ್ನು ಮಕ್ಕಳ ಕೈಗೆ ಸಿಗದಂತೆ ಇಡಿ, ನುಂಗಿದರೆ ಫಿಟ್ಸ್ ಬರಬಹುದು. ಇವೆಲ್ಲಕ್ಕಿಂತ ಮುಖ್ಯವಾಗಿ, ವೈದ್ಯರು ಕೊಟ್ಟ ಇನ್ಹೇಲರನ್ನು ಮನೆ ಸ್ವಚ್ಛವಾಯಿತೆಂದು ನೀವಾಗಿ ನಿಲ್ಲಿಸಬೇಡಿ.

ಗುಡಿಸುವಾಗ ಒಣ ಹಿಡಿಸೂಡಿ ಧೂಳನ್ನು ಮೇಲೆಬ್ಬಿಸುತ್ತದೆ. ಅದನ್ನು ಅಂಗಳಕ್ಕೆ ಇಟ್ಟುಕೊಂಡು ಒಳಗೆ ಒದ್ದೆ ಬಟ್ಟೆ ಬಳಸಿ, ಮಗು ಶಾಲೆಗೆ ಹೋದ ಮೇಲೆ ಆ ಕೆಲಸ ಮುಗಿಸಿ.

ಪ್ರಶ್ನೆ: ಅಂಟುವಾಳದ ನೀರಿನಿಂದಲೇ ಮನೆಯೆಲ್ಲ ತೊಳೆಯಬಹುದೇ? ಬಾವಿಗೆ ಹಾಕಲು ತಂದ ಬ್ಲೀಚಿಂಗ್ ಪೌಡರನ್ನು ಬಚ್ಚಲಿಗೆ ಬಳಸಬಹುದೇ? (ಮಂಜೇಶ್ವರದಿಂದ)

ಉತ್ತರ: ಅಂಟುವಾಳದ ಸಿಪ್ಪೆಯಲ್ಲಿರುವ ಸಪೋನಿನ್ ಜಿಡ್ಡನ್ನೂ ಕೊಳೆಯನ್ನೂ ಬಿಡಿಸುತ್ತದೆ, ಪಾತ್ರೆಗೆ, ನೆಲಕ್ಕೆ, ಬಟ್ಟೆಗೆ ಧಾರಾಳ ಸಾಕು. ಬೀಜ ತೆಗೆದು ಸಿಪ್ಪೆಯನ್ನು ಕುದಿಸಿ ಸೋಸಿ. ಆ ನೀರು ಬೇಗ ಹುಳಿಯುವುದರಿಂದ ಬೇಕಾದಷ್ಟೇ ಮಾಡಿಕೊಳ್ಳಿ, ಕಣ್ಣಿಗೆ ತಾಗಿಸಬೇಡಿ. ರೋಗಾಣುಗಳನ್ನು ಕೊಲ್ಲುವ ಭರವಸೆಯನ್ನು ಅದರಿಂದ ನಿರೀಕ್ಷಿಸಬಾರದು. ಬ್ಲೀಚಿಂಗ್ ಪೌಡರನ್ನು ಕಿಟಕಿ ತೆರೆದಿಟ್ಟು, ನೀರಿನಲ್ಲಿ ಕಲಸಿ ಬಚ್ಚಲಿಗೆ ಬಳಸಬಹುದು, ಆದರೆ ಮನೆಯಲ್ಲಿ ಉಬ್ಬಸದವರಿದ್ದರೆ ಬೇಡ. ಅದಕ್ಕೆ ವಿನೆಗರ್, ಲಿಂಬೆರಸ ಅಥವಾ ಪಾಯಿಖಾನೆ ತೊಳೆಯುವ ಆಮ್ಲ ತಾಗಿದರೆ ಉಸಿರುಗಟ್ಟಿಸುವ ಕ್ಲೋರಿನ್ ಅನಿಲ ಹೊರಡುತ್ತದೆ. ಆದ್ದರಿಂದ ಒಂದನ್ನು ಬಳಸಿದ ಜಾಗವನ್ನು ನೀರಿನಿಂದ ಚೆನ್ನಾಗಿ ತೊಳೆಯದೆ ಇನ್ನೊಂದನ್ನು ಹಾಕಬೇಡಿ, ಎರಡನ್ನೂ ಒಂದೇ ಕಪಾಟಿನಲ್ಲಿ ಇಡಬೇಡಿ.