ಹದಿನಾಲ್ಕೇ ವಿದ್ಯಾರ್ಥಿಗಳಿರುವ ಕಾಲೇಜಿಗೆ ಸೇರಬಹುದೇ?

ಪ್ರಶ್ನೆ: ದ್ವಿತೀಯ ಪಿಯುಸಿಯಲ್ಲಿ ಶೇ 64 ಅಂಕ ಪಡೆದಿದ್ದೇನೆ. ಚಿಕ್ಕ ಮಕ್ಕಳಿಗೆ ಕಲಿಸಬೇಕೆಂಬುದು ಮೊದಲಿನಿಂದಲೂ ನನ್ನ ಆಸೆ. ನಮ್ಮ ತಾಲ್ಲೂಕು ಕೇಂದ್ರದ ಡಿ.ಇಎಲ್.ಇಡಿ (ಪ್ರಾಥಮಿಕ ಶಾಲಾ ಶಿಕ್ಷಕರ ಎರಡು ವರ್ಷದ ಡಿಪ್ಲೊಮಾ) ಕಾಲೇಜಿಗೆ ಕಳೆದ ವರ್ಷ ಸೇರಿದವರು 14 ಮಂದಿ ಮಾತ್ರ. 'ಇಂದೋ ನಾಳೆಯೋ ಮುಚ್ಚುವ ಕಾಲೇಜು ಬೇಡ, ಡಿಗ್ರಿ ಮುಗಿಸಿ ಬಿ.ಇಡಿ ಮಾಡು' ಎನ್ನುತ್ತಾರೆ ನಮ್ಮ ಸೋದರಮಾವ. ಏನು ಮಾಡಲಿ?
– ಓದುಗರು, ಕೊಪ್ಪಳ ಜಿಲ್ಲೆ

ಉತ್ತರ: ನಿಮ್ಮ ಮಾವನವರ ಸಲಹೆ ಕೆಲವು ವರ್ಷಗಳ ಹಿಂದಾಗಿದ್ದರೆ ಸರಿಯೆನಿಸುತ್ತಿತ್ತು. ಬಿ.ಇಡಿ ಪದವೀಧರರೂ ಒಂದರಿಂದ ಐದನೇ ತರಗತಿಗೆ ಶಿಕ್ಷಕರಾಗಬಹುದೆಂದು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು (ಎನ್‌ಸಿಟಿಇ) 2018ರಲ್ಲಿ ಅಧಿಸೂಚನೆ ಹೊರಡಿಸಿತ್ತು. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಹಿರಿಯ ಮಕ್ಕಳಿಗೆ ಕಲಿಸಲು ಪಡೆದ ತರಬೇತಿ, ಅಕ್ಷರವನ್ನೇ ಈಗ ಗುರುತಿಸುತ್ತಿರುವ ಮಗುವಿಗೆ ಸಾಲದು ಎಂಬುದು ಆ ತೀರ್ಪಿನ ತಿರುಳು. ಹಾಗಾಗಿ ನೀವು ಬಯಸುವ ತರಗತಿಗಳಿಗೆ ಡಿ.ಇಎಲ್.ಇಡಿಯೇ ನೇರ ದಾರಿ. ಅದರ ಜೊತೆಗೆ ಶಿಕ್ಷಕರ ಅರ್ಹತಾ ಪರೀಕ್ಷೆಯ (ಟಿಇಟಿ) ಮೊದಲ ಪತ್ರಿಕೆಯಲ್ಲಿ ಅರ್ಹತೆ ಪಡೆಯಬೇಕು. ಮುಂದೆ ಪದವಿಯನ್ನೂ ಪಡೆದು ಎರಡನೇ ಪತ್ರಿಕೆಯಲ್ಲಿ ಅರ್ಹರಾದರೆ, ಎನ್‌ಸಿಟಿಇ ನಿಗದಿಪಡಿಸಿದ ಕನಿಷ್ಠ ಅರ್ಹತೆಯ ಪ್ರಕಾರ ಆರರಿಂದ ಎಂಟನೇ ತರಗತಿಗೂ ಇದೇ ಡಿಪ್ಲೊಮಾ ನಡೆಯುತ್ತದೆ. ಎರಡು ವರ್ಷ ವ್ಯರ್ಥವಾಗುವುದೆಂಬ ಆತಂಕ ಬೇಡ.

ಇನ್ನು ಹದಿನಾಲ್ಕರ ಮಾತು. ಒಂದು ಘಟಕಕ್ಕೆ ಅನುಮತಿಯಿರುವುದು 50 ವಿದ್ಯಾರ್ಥಿಗಳಿಗೆ. ಈ ಕೋರ್ಸಿನ ಹಳೆಯ ರೂಪವಾದ ಟಿಸಿಎಚ್ ಕಾಲದ ನೂಕುನುಗ್ಗಲನ್ನು ಕಂಡವರಿಗೆ ಖಾಲಿ ಬೆಂಚುಗಳು ಅಪಶಕುನವೆನಿಸುವುದು ಸಹಜ. ಆದರೆ ಪಾಠ ಯೋಜನೆಯನ್ನು ಬರೆದು, ತಿದ್ದಿಸಿಕೊಂಡು, ಶಾಲೆಯಲ್ಲಿ ಬೋಧಿಸಿ, ಮತ್ತೆ ತಿದ್ದಿಸಿಕೊಳ್ಳುವುದೇ ಈ ಶಿಕ್ಷಣದ ಜೀವಾಳವಾದ್ದರಿಂದ, ಹಿಂದಿನ ಬೆಂಚಿನಲ್ಲಿ ಕುಳಿತು ನಿಮ್ಮ ಪಾಠವನ್ನು ಕೊನೆಯವರೆಗೆ ನೋಡುವ ಉಪನ್ಯಾಸಕರಿದ್ದರೆ ಹದಿನಾಲ್ಕು ಜನರ ತರಗತಿ ಐವತ್ತರದ್ದಕ್ಕಿಂತ ಮೇಲು. ಮುಂದೆ ನಿಮಗೆ ಸಿಗಬಹುದಾದ ಶಾಲೆಯೂ ಚಿಕ್ಕದೇ ಇರಬಹುದು: ಶಿಕ್ಷಣ ಹಕ್ಕು ಕಾಯ್ದೆಯಂತೆ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರೇ ಶಿಕ್ಷಕರು. ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿಯಾದ ನಲಿ-ಕಲಿಯಲ್ಲಂತೂ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಗುಂಪುಗಳಾಗಿ ಕುಳಿತಿರುತ್ತಾರೆ. ಅವರನ್ನು ನಿಭಾಯಿಸುವುದನ್ನು ಭಾಷಣ ಕೇಳಿ ಕಲಿಯಲಾಗದು.

ಚಿಕ್ಕ ಕಾಲೇಜಿನ ನಿಜವಾದ ಅಪಾಯ ಬೇರೆಯಿದೆ. ವಿದ್ಯಾರ್ಥಿಗಳು ಕಡಿಮೆಯಾದಂತೆ ಆಡಳಿತ ಮಂಡಳಿ ಉಪನ್ಯಾಸಕರನ್ನೂ ಕಡಿಮೆ ಮಾಡುತ್ತದೆ. ಗಣಿತ, ಪರಿಸರ ಅಧ್ಯಯನ, ಮನೋವಿಜ್ಞಾನ ಎಲ್ಲವೂ ಒಬ್ಬರ ತಲೆಗೇ ಬೀಳುತ್ತವೆ. ಇಂಥ ಕಡೆ ಹಾಜರಿ ಪುಸ್ತಕ ತುಂಬುತ್ತದೆ, ಬೋಧನಾಭ್ಯಾಸ ನಡೆಯುವುದಿಲ್ಲ. ನಿಯಮದಂತೆ ತರಗತಿಗೆ ಶೇ 80, ಶಾಲಾ ಇಂಟರ್ನ್‌ಶಿಪ್‌ಗೆ ಶೇ 90 ಹಾಜರಿ ಕಡ್ಡಾಯ. 'ಬರದಿದ್ದರೂ ನಡೆಯುತ್ತದೆ' ಎಂದು ಯಾರಾದರೂ ಭರವಸೆ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ.

ಶುಲ್ಕ ಕಟ್ಟುವ ಮುನ್ನ ಎನ್‌ಸಿಟಿಇ ಮಾನ್ಯತೆಯ ಆದೇಶವನ್ನು ಕೇಳಿ ನೋಡಿರಿ; ಕೇಂದ್ರೀಕೃತ ದಾಖಲಾತಿಯ ಈ ವರ್ಷದ ಪಟ್ಟಿಯಲ್ಲಿ ಕಾಲೇಜಿನ ಹೆಸರಿದೆಯೇ ಎಂಬುದನ್ನು ನಿಮ್ಮ ಜಿಲ್ಲೆಯ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಅಂದರೆ ಡಯಟ್‌ನಲ್ಲಿ ವಿಚಾರಿಸಿರಿ. ಅದಾದ ಮೇಲೆ, ಎರಡನೇ ವರ್ಷದ ಯಾರಾದರೊಬ್ಬರ ಪಾಠ ಯೋಜನೆಯ ಪುಸ್ತಕವನ್ನು ತೆರೆಸಿ ನೋಡಿರಿ. ಪುಟಪುಟದಲ್ಲೂ ಕೆಂಪು ಶಾಯಿಯ ತಿದ್ದುಪಡಿಗಳಿದ್ದರೆ ಧೈರ್ಯವಾಗಿ ಸೇರಬಹುದು. ಕೊನೆಯಲ್ಲೊಂದು ಸಹಿ ಮಾತ್ರ ಇದ್ದರೆ ಡಯಟ್‌ನಲ್ಲೇ ಸೀಟಿಗೆ ಪ್ರಯತ್ನಿಸುವುದು ಒಳ್ಳೆಯದು. ಮಾವನವರನ್ನೂ ಜೊತೆಗೆ ಕರೆದುಕೊಂಡು ಹೋಗಿರಿ.