ಮಗುವಿನ ಅಲರ್ಜಿ ಸಿರಪ್: ಯಾವುದು, ಎಷ್ಟು?

ಪ್ರಶ್ನೆ: ಭತ್ತದ ಕಟಾವು ಶುರುವಾದರೆ ಸಾಕು, ಮೂರು ವರ್ಷದ ಮಗನಿಗೆ ಸೀನು, ನೆಗಡಿ. ಮೆಡಿಕಲ್ ಶಾಪ್‌ನಲ್ಲಿ ಕೊಟ್ಟ ಸಿರಪ್ ಕುಡಿಸಿದರೆ ದಿನವಿಡೀ ತೂಕಡಿಸುತ್ತಾನೆ. ಮುಂದುವರಿಸಬಹುದೇ?
— ಒಬ್ಬ ತಾಯಿ, ಗಂಗಾವತಿ

ಉತ್ತರ: ಮೊದಲು ಲೇಬಲ್ ಓದಿ. ಕ್ಲೋರ್‌ಫೆನಿರಮೈನ್ (ಅಲರ್ಜಿ ಔಷಧಿ) ಜೊತೆ ಫಿನೈಲ್‌ಎಫ್ರಿನ್ (ಕಟ್ಟಿದ ಮೂಗು ಬಿಡಿಸುವ ಔಷಧಿ) ಇದ್ದರೆ ನಿಲ್ಲಿಸಿ. ಈ ಜೋಡಿ ನಾಲ್ಕು ವರ್ಷದೊಳಗಿನವರಿಗೆ ಬೇಡವೆಂದು ಕೇಂದ್ರ ಔಷಧ ನಿಯಂತ್ರಕರು 2023ರಲ್ಲೇ ಸೂಚಿಸಿದ್ದಾರೆ. ಆದರೂ ಕೇಳದೆಯೇ ಕೈಗಿಡುವ ಅಂಗಡಿಗಳುಂಟು. ಕ್ಲೋರ್‌ಫೆನಿರಮೈನ್ ಮಿದುಳಿಗೂ ತಲುಪುವುದರಿಂದ ಈ ಮಂಪರು.

ಸೆಟ್ರಿಜಿನ್ ಎಂಬ ಇನ್ನೊಂದು ಅಲರ್ಜಿ ಔಷಧಿಯಲ್ಲಿ ಮಂಪರು ಕಡಿಮೆ, ಇಲ್ಲವೇ ಇಲ್ಲ ಎನ್ನಲಾಗದು. 2ರಿಂದ 5 ವರ್ಷದವರಿಗೆ ಸಾಮಾನ್ಯವಾಗಿ ದಿನಕ್ಕೊಮ್ಮೆ 2.5 ಮಿ.ಗ್ರಾಂ, ದಿನದ ಮಿತಿ 5 ಮಿ.ಗ್ರಾಂ. ಲೇಬಲ್ ಮೇಲೆ ‘5 ಮಿ.ಲೀ.ಗೆ 5 ಮಿ.ಗ್ರಾಂ’ ಎಂದಿದ್ದರೆ 2.5 ಮಿ.ಲೀ. ಸಾಕು. ಎಡವಟ್ಟಾಗುವುದು ಅಳತೆಯಲ್ಲಿ: ಅಡುಗೆಮನೆ ಚಮಚಗಳು ಒಂದೊಂದು ಗಾತ್ರ, ಡ್ರಾಪ್ಸ್‌ನ ಒಂದೊಂದು ಮಿ.ಲೀ.ನಲ್ಲಿ ಸಿರಪ್‌ಗಿಂತ ಹೆಚ್ಚು ಔಷಧಿ. ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆಯಿರಿ. ಇದರ ಜೊತೆ ಬೇರೆ ನೆಗಡಿ ಸಿರಪ್ ಸೇರಿಸಬೇಡಿ, ಅದರಲ್ಲೂ ಇಂಥದ್ದೇ ಔಷಧಿ ಇರಬಹುದು. ಕಿಡ್ನಿ ತೊಂದರೆಯಿದ್ದರೆ ಡೋಸ್ ಬೇರೆ. ಹೇಗೂ ಆರಂಭಿಸುವ ಮುನ್ನ ಮಕ್ಕಳ ವೈದ್ಯರಿಗೆ ತೋರಿಸಿ.

ತುಟಿ ಊದಿ, ಉಸಿರು ಕಟ್ಟಿದರೆ ಸಿರಪ್ ನೆಚ್ಚಿ ಕೂರಬೇಡಿ, 108ಕ್ಕೆ ಕರೆ ಮಾಡಿ.