ಅವಲಾನ್‌ಗೆ ದಾರಿ, ಹೆಬ್ಬೆರಳಿಗೆ ಕೆಲಸ

ನಮಸ್ಕಾರ. ಪುತ್ತೂರಿನಿಂದ ಆಗಸ್ಟ್‌ನಲ್ಲಿ ಅಮೆರಿಕದ ಮೆಂಫಿಸ್‌ಗೆ ಎಂ.ಎಸ್. ಓದಲು ಬರುತ್ತಿದ್ದೀರಿ, ಗಿಟಾರ್ ಜೊತೆಗೇ ತರುತ್ತೀರಿ, ಹಳೆಯ ಬ್ಲೂಸ್ ಹಾಡುಗಾರ, ಗಿಟಾರ್ ವಾದಕ ಮಿಸಿಸಿಪಿ ಜಾನ್ ಹರ್ಟ್ ಅಂದರೆ ಪ್ರಾಣ ಅಂತ ಬರೆದಿದ್ದೀರಿ. ಕೇಳಿರುವುದು ಮೂರು: ಅವರ ಊರು ಅವಲಾನ್‌ಗೆ ಹೋಗುವುದು ಹೇಗೆ, ಅವರ ಕೈ, ಅಂದರೆ ಗಿಟಾರ್ ಮೀಟುವ ರೀತಿ, ಕಲಿಯುವುದು ಹೇಗೆ, ಸಂಜೆ ಹೊತ್ತು ಮೆಂಫಿಸ್‌ನ ಸಂಗೀತದ ಬೀದಿ ಬೀಲ್ ಸ್ಟ್ರೀಟ್‌ನಲ್ಲಿ ನುಡಿಸಿ ಕೈಖರ್ಚಿಗೆ ಸಂಪಾದಿಸಬಹುದೇ.

ಕೊನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ: ಬೇಡವೇ ಬೇಡ. ಎಫ್-1 ಎನ್ನುವ ವಿದ್ಯಾರ್ಥಿ ವೀಸಾದಲ್ಲಿ ಇರುವವರು ಅನುಮತಿ ಇಲ್ಲದೆ ಕ್ಯಾಂಪಸ್ ಹೊರಗೆ ದುಡ್ಡಿಗೆ ಏನೇ ಮಾಡಿದರೂ ಅದು ನಿಯಮ ಮುರಿದ ಹಾಗೆ. ಬಾರ್‌ನವರು ಕೊಡುವ ಸಂಭಾವನೆಯಷ್ಟೇ ಅಲ್ಲ, ಮುಂದಿಟ್ಟ ಡಬ್ಬಕ್ಕೆ ಬೀಳುವ ಟಿಪ್ಸ್ ಕೂಡ ಸಂಪಾದನೆಯೇ. ನಾಲ್ಕು ಡಾಲರ್ ಆಸೆಗೆ ಓದು, ವೀಸಾ ಎರಡನ್ನೂ ಅಡ ಇಡಬೇಡಿ. ಯಾರು ಬೇಕಾದರೂ ವೇದಿಕೆ ಹತ್ತಬಹುದಾದ ಓಪನ್ ಮೈಕ್ ಇರುವ ಸಂಜೆ ಹೋಗಿ, ದುಡ್ಡು ಮುಟ್ಟದೆ ಎರಡು ಹಾಡು ನುಡಿಸಿ ಬನ್ನಿ. ಅನುಮಾನ ಬಂದರೆ ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ವಿದ್ಯಾರ್ಥಿಗಳ ವೀಸಾ ವಿಷಯ ನೋಡಿಕೊಳ್ಳುವ ಅಧಿಕಾರಿ, ಡಿ.ಎಸ್.ಓ., ಇರುತ್ತಾರೆ, ಅವರನ್ನು ನುಡಿಸುವ ಮೊದಲು ಕೇಳಿ. ನುಡಿಸಿ ಆದ ಮೇಲೆ ಕೇಳಿದರೆ ಅವರ ಕೈಯಲ್ಲೂ ಏನೂ ಇರುವುದಿಲ್ಲ.

ಹರ್ಟ್ ಅವರದ್ದೂ ಸಂಗೀತದಿಂದ ಹೊಟ್ಟೆ ತುಂಬಿದ ಬದುಕಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅವರ ನುಡಿಸಾಣಿಕೆಯೂ ಅರ್ಥವಾಗುತ್ತದೆ. ಹುಟ್ಟಿದ್ದು ಮಿಸಿಸಿಪಿ ರಾಜ್ಯದ ಕ್ಯಾರಲ್ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಟಿಯಾಕ್‌ನಲ್ಲಿ, 1892 ಅಂತಲೂ 1893 ಅಂತಲೂ ಇದೆ. ಬೆಳೆದದ್ದು ಅವಲಾನ್‌ನಲ್ಲಿ. ಗುರು ಇಲ್ಲದೆ ತಾವೇ ಕಲಿತರು. ಹೊಲದಲ್ಲಿ ದುಡಿದು, ರಾತ್ರಿ ಊರವರ ಮನೆಗಳಲ್ಲಿ ಕುಣಿತಕ್ಕೆ ನುಡಿಸುತ್ತಿದ್ದರು. ಅದೇ ಕೌಂಟಿಯ ಬಿಳಿಯ ಫಿಡಲ್ ವಾದಕ ವಿಲ್ಲಿ ನಾರ್ಮರ್ ಅವರಿಗೆ ಜೊತೆಗಾರ ಸಿಗದಿದ್ದಾಗ ಇವರೇ ಗಿಟಾರ್ ಹಿಡಿಯುತ್ತಿದ್ದರು. ನಾರ್ಮರ್ ಅವರ ಶಿಫಾರಸಿನಿಂದಲೇ ಓಕೆ (OKeh) ಎಂಬ ರೆಕಾರ್ಡ್ ಕಂಪನಿ ಇವರನ್ನು 1928ರ ಫೆಬ್ರವರಿಯಲ್ಲಿ ರೆಕಾರ್ಡಿಂಗ್‌ಗೆ ಕರೆಸಿದ್ದು, ಅದೂ ನೀವು ಬರುತ್ತಿರುವ ಮೆಂಫಿಸ್‌ಗೇ. ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ಗೆ ಇನ್ನೊಮ್ಮೆ ಹೋದರು. ಮಾರಾಟಕ್ಕೆ ಅನುಕೂಲ ಅಂತ ಹೆಸರಿನ ಮುಂದೆ 'ಮಿಸಿಸಿಪಿ' ಅಂಟಿಸಿದ್ದು ಕಂಪನಿ. ಆಗಿನದರಲ್ಲಿ ನಮಗೆ ಕೇಳಸಿಗುವುದು 13 ಹಾಡು. ಆಮೇಲೆ ಆರ್ಥಿಕ ಮುಗ್ಗಟ್ಟು ಬಂತು, ಇವರು ಊರಿಗೆ ಮರಳಿ 35 ವರ್ಷ ಮತ್ತೆ ಹೊಲ ನೋಡಿಕೊಂಡರು.

1952ರಲ್ಲಿ ಹ್ಯಾರಿ ಸ್ಮಿತ್ ಹಳೆಯ ಜನಪದ ಗ್ರಾಮಫೋನ್ ತಟ್ಟೆಗಳನ್ನು ಆಯ್ದು ಹೊರತಂದ ಸಂಗ್ರಹದಲ್ಲಿ ಇವರ ಎರಡು ಹಾಡು ಇದ್ದವು. ಕೇಳಿದವರಿಗೆ ಈ ಮನುಷ್ಯ ಬದುಕಿದ್ದಾರೋ ಇಲ್ಲವೋ ಗೊತ್ತಿರಲಿಲ್ಲ. 'ಅವಲಾನ್ ಬ್ಲೂಸ್' ಹಾಡಿನಲ್ಲಿ ತಮ್ಮ ಊರಿನ ಹೆಸರು ಹೇಳಿದ್ದರಲ್ಲ, ಅದೊಂದೇ ಎಳೆ ಹಿಡಿದು ಟಾಮ್ ಹಾಸ್ಕಿನ್ಸ್ ಎನ್ನುವವರು ಹಳೆಯ ಭೂಪಟದಲ್ಲಿ ಊರು ಹುಡುಕಿ 1963ರಲ್ಲಿ ಬಾಗಿಲಿಗೇ ಬಂದರು. ಅದೇ ವರ್ಷ ನ್ಯೂಪೋರ್ಟ್ ಜನಪದ ಸಂಗೀತ ಉತ್ಸವದಲ್ಲಿ ಹಾಡಿದರು, ಅಮೆರಿಕದ ದೊಡ್ಡ ಸರ್ಕಾರಿ ಗ್ರಂಥಾಲಯ ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ ರೆಕಾರ್ಡಿಂಗ್ ಆಯಿತು. 1966ರ ನವೆಂಬರ್ 2ರಂದು ತೀರಿಕೊಂಡರು. ಹೆಸರು ಬಂದ ಮೇಲೆ ಸಿಕ್ಕಿದ್ದು ಬರೀ ಮೂರು ವರ್ಷ ಚಿಲ್ಲರೆ.

ಈಗ ಕೈ. ಬಹಳ ಜನ ಟ್ಯಾಬ್ (ಯಾವ ತಂತಿಯ ಯಾವ ಫ್ರೆಟ್ ಒತ್ತಬೇಕು ಅಂತ ತೋರಿಸುವ ಬರಹ) ಇಳಿಸಿಕೊಂಡು ಸ್ವರದಿಂದ ಶುರು ಮಾಡುತ್ತಾರೆ, ಅಲ್ಲೇ ಕೆಡುವುದು. ಕುಣಿಯುವವರಿಗೆ ಒಬ್ಬರೇ ಕೂತು ನುಡಿಸುವಾಗ ಡೋಲು, ಬೇಸ್ (ದಪ್ಪ ತಂತಿಗಳ ಕೆಳದನಿ) ಎರಡೂ ಹೆಬ್ಬೆರಳೇ ಆಗಬೇಕು. ವೀಣೆಯಲ್ಲಿ ತೋರುಬೆರಳು, ನಡುಬೆರಳು ಮೀಟುತ್ತಿದ್ದಾಗ ಕಿರುಬೆರಳು ತಾಳದ ತಂತಿ ನೋಡಿಕೊಳ್ಳುತ್ತದಲ್ಲ, ಅಂಥ ಕೆಲಸ ಇಲ್ಲಿ ಹೆಬ್ಬೆರಳಿನದು. ಆದರೆ ಇಲ್ಲಿ ಅದಕ್ಕೆ ಒಂದು ಎಣಿಕೆಯೂ ಬಿಡುವಿಲ್ಲ.

ಸಿ ಕಾರ್ಡ್ ಹಿಡಿಯಿರಿ. ತಾಳ ಹಾಕುವ ಮೆಟ್ರೊನೋಮನ್ನು ನಿಮಿಷಕ್ಕೆ 60ಕ್ಕೆ ಇಡಿ. ತಂತಿ ಎಣಿಸುವುದು ತೆಳುವಾದದ್ದು 1, ದಪ್ಪದ್ದು 6 ಅಂತ. ಹೆಬ್ಬೆರಳಿನಿಂದ 5ನೇ ತಂತಿ, 4ನೇ ತಂತಿ, ಮತ್ತೆ 5, ಮತ್ತೆ 4, ನಾಲ್ಕೂ ಒಂದೇ ತೂಕದಲ್ಲಿ. ಇದು ಕೂತ ಮೇಲೆ ಮೂರನೇ ಎಣಿಕೆಗೆ 5ರ ಬದಲು 6ನೇ ತಂತಿ ಮುಟ್ಟಿ, ಎಡಗೈಯ ಉಂಗುರದ ಬೆರಳನ್ನು 6ನೇ ತಂತಿಯ 3ನೇ ಫ್ರೆಟ್‌ಗೆ ಸರಿಸಿಕೊಂಡು. ಎರಡು ವಾರ ಇಷ್ಟೇ. ಬೆರಳಿಗೆ ಬಂತೋ ಇಲ್ಲವೋ ನೋಡಲು ಸುಲಭದ ದಾರಿ: ಹೆಬ್ಬೆರಳು ಓಡುತ್ತಿರುವಾಗ ನಿಮ್ಮ ಮನೆ ವಿಳಾಸ, ಪಿನ್‌ಕೋಡ್ ಗಟ್ಟಿಯಾಗಿ ಹೇಳಿ. ನಡೆ ತಪ್ಪಿದರೆ ಇನ್ನೂ ಬಂದಿಲ್ಲ.

ಆಮೇಲೆ ಮೊದಲ ಎಣಿಕೆಗೆ ಹೆಬ್ಬೆರಳಿನ ಜೊತೆಗೇ ನಡುಬೆರಳಿನಿಂದ 1ನೇ ತಂತಿಯನ್ನು ಚಿವುಟಿದ ಹಾಗೆ ಮೀಟಿ. ಅದು ಸಲೀಸಾದ ಮೇಲೆ ತೋರುಬೆರಳಿನಿಂದ 2ನೇ ತಂತಿಯನ್ನು ಎರಡನೇ, ಮೂರನೇ ಎಣಿಕೆಗಳ ನಡುವೆ ಮೀಟಿ. ಹರ್ಟ್ ಅವರ ಸೊಗಸೆಲ್ಲ ಈ ಎಡೆಯಲ್ಲಿದೆ: ಹಾಡಿನ ಧಾಟಿ ಬೇಸ್‌ಗಿಂತ ಒಂದು ಎಳೆ ಆಚೀಚೆ ಬೀಳುತ್ತದೆ, ಬೇಸ್ ಮಾತ್ರ ಅಲುಗುವುದಿಲ್ಲ. ಇಲ್ಲಿ ಎಲ್ಲರಿಗೂ ಆಗುವ ತೊಂದರೆ ಒಂದೇ. ಮೇಲಿನ ಸ್ವರ ಬಂದಾಗ ಹೆಬ್ಬೆರಳು ಅರೆಕ್ಷಣ ಕಾಯುತ್ತದೆ. ಕಾಯ್ದರೆ ಕುಣಿತ ಸತ್ತಿತು. ಹಾಗಾದ ಕೂಡಲೇ ವೇಗ ಇನ್ನಷ್ಟು ಇಳಿಸಿ, 50ಕ್ಕೆ ಹೋಗಲು ನಾಚಿಕೆ ಬೇಡ.

ಅಂಗೈಯಿಂದ ಬೇಸ್ ತಂತಿಗಳನ್ನು ಗಟ್ಟಿಯಾಗಿ ಅದುಮುವ ಅಭ್ಯಾಸ ಇದ್ದರೆ ಬಿಡಿ, ಅದು ಬೇರೆಯವರ ಶೈಲಿ. ಇವರ ಬೇಸ್ ತೆರೆದು ಮೊಳಗುತ್ತದೆ. ಬರಿಬೆರಳು ಸಾಕು, ಪಿಕ್ ಬೇಡ. ಎಫ್ ಕಾರ್ಡ್‌ಗೆ ಬಾರೆ ಹಾಕದೆ (ಒಂದೇ ಬೆರಳನ್ನು ಎಲ್ಲ ತಂತಿಗಳ ಮೇಲೆ ಅಡ್ಡ ಒತ್ತದೆ) ಎಡಗೈ ಹೆಬ್ಬೆರಳನ್ನು ಕುತ್ತಿಗೆಯ ಮೇಲಿಂದ ಸುತ್ತಿ 6ನೇ ತಂತಿಯ 1ನೇ ಫ್ರೆಟ್ ಒತ್ತಿ. ಮಿಕ್ಕ ಬೆರಳುಗಳು ಧಾಟಿಗೆ ಬಿಡುವಾಗುತ್ತವೆ. ಜನಪದ ಹಾಡುಗಾರ ಪೀಟ್ ಸೀಗರ್ ಅವರ 'ರೇನ್‌ಬೋ ಕ್ವೆಸ್ಟ್' ಟಿ.ವಿ. ಕಾರ್ಯಕ್ರಮದಲ್ಲಿ ಹರ್ಟ್ ನುಡಿಸಿದ್ದು ನೋಡಲು ಸಿಗುತ್ತದೆ. ದನಿ ತೆಗೆದು ಬಲಗೈ ಮಾತ್ರ ನೋಡಿ.

ಕಲಿಯಲು 1963ರ ನಂತರದ ರೆಕಾರ್ಡ್‌ಗಳನ್ನು ಹಿಡಿಯಿರಿ. 1928ರವು ಬಹಳ ವೇಗ, ಮೇಲಾಗಿ ಆ ಕಾಲದ ತಟ್ಟೆಗಳು ತಿರುಗುವ ವೇಗ ಒಂದೇ ಸಮ ಇರುತ್ತಿರಲಿಲ್ಲ. ನಿಮ್ಮ ಟ್ಯೂನರ್ ಶ್ರುತಿ ಸರಿ ಇದೆ ಅಂತ ತೋರಿಸಿದರೂ ಹಾಡಿಗೆ ಶ್ರುತಿ ಕೂಡದಿದ್ದರೆ ಕಿವಿಯನ್ನು ಬೈದುಕೊಳ್ಳಬೇಡಿ, ತಟ್ಟೆಗೆ ತಕ್ಕಂತೆ ಶ್ರುತಿ ಸ್ವಲ್ಪ ಏರಿಸಿ ಇಳಿಸಿ. ಮೊದಲು 'ಲೂಯಿಸ್ ಕಾಲಿನ್ಸ್', ಸಿ ಕಾರ್ಡ್ ಮನೆತನದ್ದು. 'ಫ್ರ್ಯಾಂಕಿ' ಸದ್ಯಕ್ಕೆ ಬೇಡ. ಅದಕ್ಕೆ 6, 5, 1ನೇ ತಂತಿಗಳನ್ನು ಒಂದೊಂದು ಪೂರ್ಣ ಸ್ವರ ಇಳಿಸಿ ಓಪನ್ ಜಿ (ಏನೂ ಒತ್ತದೆ ಮೀಟಿದರೆ ಜಿ ಕಾರ್ಡ್ ಬರುವ ಶ್ರುತಿ) ಮಾಡಿಕೊಳ್ಳಬೇಕು, ವೇಗವೂ ವಿಪರೀತ.

ಗಿಟಾರ್ ಯಾವುದು ಅಂತ ನೀವು ಬರೆದಿಲ್ಲ. ನೈಲಾನ್ ತಂತಿಯದಾದರೆ ಅದಕ್ಕೆ ಸ್ಟೀಲ್ ತಂತಿ ಕಟ್ಟುವ ಸಾಹಸ ಮಾಡಬೇಡಿ, ಎಳೆತ ತಾಳದೆ ಬ್ರಿಡ್ಜ್ ಕಿತ್ತು ಬರುತ್ತದೆ. ಸ್ಟೀಲ್ ತಂತಿಯ ಗಿಟಾರ್‌ಗೆ 12ರಿಂದ 53ರ ದಪ್ಪದ (ಇಂಚಿನ ಸಾವಿರದ ಲೆಕ್ಕದಲ್ಲಿ) ಲೈಟ್ ಸೆಟ್ ತಂತಿ ಸರಿ. ಪುತ್ತೂರಿನ ತೇವಕ್ಕೆ ಒಗ್ಗಿದ ಮರ ಇಲ್ಲಿನ ಬೇಸಿಗೆಗೆ ಹೆದರುವುದಿಲ್ಲ, ಮೆಂಫಿಸ್ ಜುಲೈ–ಆಗಸ್ಟ್‌ನಲ್ಲಿ ಕರಾವಳಿಯ ಹಾಗೇ ಬೆವರಿಳಿಸುತ್ತದೆ. ಪೆಟ್ಟು ಬೀಳುವುದು ಡಿಸೆಂಬರ್‌ನಲ್ಲಿ, ಹೀಟರ್ ಹಾಕಿದ ಕೋಣೆಯಲ್ಲಿ. ಗಾಳಿ ಒಣಗಿ ಮರ ಕುಗ್ಗುತ್ತದೆ, ಫ್ರೆಟ್ ತುದಿಗಳು ಕೈಗೆ ಚುಚ್ಚುತ್ತವೆ, ಕಡೆಗೆ ಮೇಲ್ಹಲಗೆ ಸೀಳುತ್ತದೆ. ಕೇಸಿನೊಳಗೆ ತೇವಾಂಶ ತೋರಿಸುವ ಸಣ್ಣ ಮೀಟರ್, ಒಂದು ಹ್ಯುಮಿಡಿಫೈಯರ್ ಇಡಿ; 45ರಿಂದ 55 ಪರ್ಸೆಂಟ್ ನಡುವೆ ಇದ್ದರೆ ಕ್ಷೇಮ. ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟು ಹೋಗಬೇಡಿ, ಅಂಟು ಸಡಿಲಾಗುತ್ತದೆ.

ಅವಲಾನ್ ದಾರಿ. ಮೆಂಫಿಸ್‌ನಿಂದ ಐ-55ರಲ್ಲಿ ದಕ್ಷಿಣಕ್ಕೆ ಗ್ರೆನೇಡಾವರೆಗೆ ಸುಮಾರು 100 ಮೈಲಿ, ಅಲ್ಲಿಂದ ಗ್ರೀನ್‌ವುಡ್ ಕಡೆಗೆ ಹೋಗುವ 7ನೇ ಹೈವೇ; ಊರು ಇವೆರಡರ ನಡುವೆ. ಒಟ್ಟು ಎರಡು ಗಂಟೆ ಚಿಲ್ಲರೆ. ಬೆಳಗ್ಗೆ ಮೆಂಫಿಸ್ ಬಿಟ್ಟು ಗ್ರೀನ್‌ವುಡ್‌ನಲ್ಲಿ ನಿಲ್ಲುವ ಆಮ್‌ಟ್ರ್ಯಾಕ್ ರೈಲೂ ಇದೆ, ಸಂಜೆ ಅದೇ ದಾರಿಯಲ್ಲಿ ಮರಳಬಹುದು. ಆದರೆ ಗ್ರೀನ್‌ವುಡ್‌ನಿಂದ ಮುಂದಕ್ಕೆ ಬಸ್ಸಿನ ಆಸೆ ಇಟ್ಟುಕೊಳ್ಳಬೇಡಿ, ಕಾರು ಬೇಕೇ ಬೇಕು. 25 ತುಂಬದವರಿಗೆ ಬಾಡಿಗೆ ಕಾರಿಗೆ ದಿನಕ್ಕಿಷ್ಟು ಅಂತ ಹೆಚ್ಚುವರಿ ಹಾಕುತ್ತಾರೆ. ಕಾರಿರುವ ಸೀನಿಯರ್ ಒಬ್ಬರನ್ನು ಒಪ್ಪಿಸಿ, ಪೆಟ್ರೋಲ್ ಖರ್ಚು ನೀವು ನೋಡಿಕೊಳ್ಳಿ.

ಹೈವೇ ಪಕ್ಕ ಬ್ಲೂಸ್ ಚರಿತ್ರೆಯ ಜಾಗಗಳನ್ನು ಗುರುತಿಸುವ ಬ್ಲೂಸ್ ಟ್ರೇಲ್ ಫಲಕ ಇದೆ. ಹಳೆಯ ಗೈಡ್‌ಗಳು ಅವರ ಮನೆಯಲ್ಲಿದ್ದ ಮ್ಯೂಸಿಯಂ ನೋಡಿ ಅನ್ನುತ್ತವೆ. ಆ ಮರದ ಮನೆ 2024ರ ಫೆಬ್ರವರಿಯಲ್ಲಿ ಸುಟ್ಟುಹೋಯಿತು. ಎಣಿಸಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ಸಮಾಧಿ ಸೇಂಟ್ ಜೇಮ್ಸ್ ಸ್ಮಶಾನದಲ್ಲಿ, ಡೆಲ್ಟಾದ ಬಯಲು ಮುಗಿದು ಗುಡ್ಡ ಏಳುವ ಕಡೆ, ಕಾಡಿನ ನಡುವೆ. ಅಲ್ಲಿನದು ನುಣುಪು ಮಣ್ಣು, ಮಳೆಯ ಮರುದಿನ ಚಿಕ್ಕ ಕಾರಿನ ಚಕ್ರ ಹೂತುಕೊಳ್ಳುತ್ತದೆ. ಮ್ಯಾಪ್ ಮೊದಲೇ ಫೋನಿಗೆ ಇಳಿಸಿಕೊಳ್ಳಿ, ಸಿಗ್ನಲ್ ನಂಬಬೇಡಿ. ಬೇಲಿ ದಾಟಬೇಡಿ, ಜನರ ಮನೆಗಳ ಫೋಟೋ ಕೇಳದೆ ತೆಗೆಯಬೇಡಿ. ಹಿರಿಯರು ಸಿಕ್ಕರೆ 'ಸರ್', 'ಮ್ಯಾಮ್' ಅನ್ನಿ, ಆ ಕಡೆ ಇದಕ್ಕೆ ತುಂಬಾ ಬೆಲೆ.

ಗ್ರೀನ್‌ವುಡ್ ದಾರಿಯಲ್ಲಿ ಬಂದರೆ ಮನಿ ಎಂಬ ಹಳ್ಳಿಯಲ್ಲೂ ನಿಲ್ಲಿ. 1955ರ ಆಗಸ್ಟ್‌ನಲ್ಲಿ ಅಲ್ಲಿನ ಅಂಗಡಿಯೊಂದರಲ್ಲಿ ಆಡಿದ ಮಾತಿನ ನೆಪ ತೆಗೆದು 14 ವರ್ಷದ ಕಪ್ಪು ಹುಡುಗ ಎಮೆಟ್ ಟಿಲ್‌ನನ್ನು ಬಿಳಿಯರು ಕೊಂದರು. ಆಗ ಹರ್ಟ್ ಅಲ್ಲಿಗೆ ಕೆಲವೇ ಮೈಲಿ ಆಚೆ ಅವಲಾನ್‌ನಲ್ಲಿ ಹೊಲದ ಕೆಲಸದಲ್ಲಿದ್ದರು. ಅವರ ದನಿ ಮೃದು, ಹಾಗಾಗಿ ಅವರ ಬದುಕೂ ಮೃದುವಾಗಿತ್ತು ಅಂತ ಅಂದುಕೊಳ್ಳುವವರು ಈ ದಾರಿಯಲ್ಲಿ ಒಮ್ಮೆ ಬರಲೇಬೇಕು.

ಸಸ್ಯಾಹಾರಿಗಳಾದರೆ ಬುತ್ತಿ ಕಟ್ಟಿಕೊಳ್ಳಿ. ಅಲಸಂದೆ, ಸೊಪ್ಪು, ಬೆಂಡೆ ಎಲ್ಲ ಹೋಟೆಲಿನಲ್ಲಿ ಸಿಗುತ್ತವೆ, ಆದರೆ ಸೊಪ್ಪು, ಕಾಳು ಬೇಯಿಸುವಾಗ ಹಂದಿಮಾಂಸದ ತುಂಡು ಹಾಕುವುದು ಅಲ್ಲಿನ ಪದ್ಧತಿ, ಕೇಳದೆ ತಿನ್ನಬೇಡಿ.

ಬಂದ ಕೂಡಲೇ ಹೊರಡಬೇಡಿ, ಬಿಸಿಲಿಗೆ ಸುಸ್ತಾಗುತ್ತೀರಿ. ಅಕ್ಟೋಬರ್ ಕೊನೆ ಒಳ್ಳೆಯದು, ಹತ್ತಿ ಕೊಯ್ಲಿನ ಕಾಲ. ನವೆಂಬರ್ ಮೂರನೇ ವಾರದ ಹೊತ್ತಿಗೆ ಬಂದೂಕಿನಲ್ಲಿ ಜಿಂಕೆ ಬೇಟೆಯ ಸೀಸನ್ ಶುರುವಾಗುತ್ತದೆ. ಆಗ ಹೋದರೆ ಕಾಡಿನ ದಾರಿಯಲ್ಲಿ ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡೇ ಇಳಿಯಿರಿ.